ಟೇಪಣ್ಣ ಬಿಗಿದ ಡಮ್ಮಿ

ಟೇಪಣ್ಣನಿಗೆ ಆ ಹೆಸರು ಬಂದದ್ದು ಅವನ ಕೈಯ ಅಭ್ಯಾಸದಿಂದ. ಬೇರೆ ಪ್ಲಂಬರುಗಳು ಪೈಪಿನ ತಿರುಪಿಗೆ ಬಿಳಿ ಟೇಪನ್ನು ಏಳೆಂಟು ಸುತ್ತು ಸುತ್ತಿ ಕೈ ತೊಳೆದುಕೊಂಡರೆ, ಇವನು ಇಪ್ಪತ್ತು ಸುತ್ತು ಸುತ್ತಿ, ಅದರ ಮೇಲೆ ಹತ್ತಿಯ ದಾರ ಬಿಗಿದು, ಕೊನೆಗೆ ಜೋಡಿ ಗಂಟು ಹಾಕುತ್ತಿದ್ದ. “ಟೇಪಣ್ಣ ಕಟ್ಟಿದ್ದನ್ನ ಬಿಚ್ಚಬೇಕು ಅಂದ್ರೆ ಇನ್ನೊಂದು ಜನ್ಮ ಎತ್ತಿ ಬರಬೇಕು” ಎಂದು ಹಾರ್ಡ್‌ವೇರ್ ಅಂಗಡಿಯವನು ತಮಾಷೆ ಮಾಡುತ್ತಿದ್ದ. ಟೇಪಣ್ಣನಿಗೂ ಆ ಮಾತು ಹಿತವಾಗಿತ್ತು. ಮೂವತ್ತೊಂದು ವರ್ಷದಲ್ಲಿ ಅವನ ಕೆಲಸ ಸೋರಿತು ಎಂದು ಯಾರೂ ಅವನನ್ನು ವಾಪಸ್ಸು ಕರೆದಿರಲಿಲ್ಲ.

ಎರಡು ವರ್ಷದ ಹಿಂದೆ, ರೈಲ್ವೆ ಗೇಟಿನ ಆಚೆಯ ಒಂದು ಮನೆಯಲ್ಲಿ ಗೀಸರ್ ಸಿಡಿದಿತ್ತು. ಬಚ್ಚಲುಮನೆಯ ಗೋಡೆ ಪಕ್ಕದ ಅಡುಗೆಮನೆಗೆ ಕುಸಿದು, ಅಲ್ಲಿ ನಿಂತಿದ್ದ ಹೆಂಗಸು ಸತ್ತಿದ್ದಳು. ಮುರಿದ ಪೈಪುಗಳನ್ನು ಮುಚ್ಚಲು ಕರೆಸಿದ್ದು ಟೇಪಣ್ಣನನ್ನೇ. ಇಟ್ಟಿಗೆಯ ರಾಶಿಯಲ್ಲಿ ಅವನಿಗೆ ಆ ಗೀಸರಿನ ಸೇಫ್ಟಿ ವಾಲ್ವ್ ಸಿಕ್ಕಿತ್ತು. ನೀರು ಕಾದು ಹಿಗ್ಗಿದಾಗ ಹೆಚ್ಚಾದದ್ದನ್ನು ತೊಟ್ಟು ತೊಟ್ಟಾಗಿ ಹೊರಗೆ ಬಿಡುವುದು ಆ ವಾಲ್ವಿನ ಕೆಲಸ. ಅದರ ಬಾಯಿಗೆ ಯಾರೋ ಹಿತ್ತಾಳೆಯ ಬಿರಡೆ ಬಿಗಿದಿದ್ದರು. ಪ್ಲಂಬರುಗಳು ಅದಕ್ಕೆ ಡಮ್ಮಿ ಅನ್ನುತ್ತಾರೆ. “ಯಾವನೋ ತಲೆಕೆಟ್ಟವನು ತೊಟ್ಟಿಕ್ಕುತ್ತೆ ಅಂತ ಬಾಯಿ ಕಟ್ಟಿದಾನೆ” ಎಂದು ಟೇಪಣ್ಣ ಆಮೇಲೆ ಎಷ್ಟೋ ಜನರ ಹತ್ತಿರ ಹೇಳಿದ್ದ. ಅಂದಿನಿಂದ ಯಾರ ಮನೆಗೆ ಯಾವ ಕೆಲಸಕ್ಕೆ ಹೋದರೂ ಮೊದಲು ತಲೆ ಎತ್ತಿ ಗೀಸರ್ ನೋಡುತ್ತಿದ್ದ.

ದರ್ಜಿಯಮ್ಮ ಫೋನು ಮಾಡಿದ್ದು ಬೆಳಿಗ್ಗೆ ಹತ್ತರ ಹೊತ್ತಿಗೆ. ಟೇಪಣ್ಣ ಅವಳ ಮನೆಗೆ ಹೋದ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಎರಡು ಕೋಣೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅವಳ ಮಾವ ಕೂತಿದ್ದರು.

“ಗೀಸರ್ ಕೆಳಗಡೆ ಸೋರ್ತಾ ಇದೆ. ಬಕೆಟ್ ಇಟ್ಟು ಇಟ್ಟು ಸಾಕಾಯ್ತು” ಅಂದಳು ಅವಳು. “ಇನ್ನೊಂದು ವಿಷಯ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದ್ರೆ ನೀರು ಒದ್ದುಕೊಂಡು ಬರುತ್ತೆ. ಮಗಳು ಹೆದರಿ ಹೊರಗೆ ಓಡಿಬಂದಿದ್ಲು.”

ಟೇಪಣ್ಣ ಗೀಸರಿನ ಸ್ವಿಚ್ಚು ಆರಿಸಿದ. ಬಿಸಿನೀರಿನ ನಲ್ಲಿ ಬಿಟ್ಟು ಒಳಗಿನ ಒತ್ತಡ ಇಳಿಸಿ, ಸ್ಟೂಲು ಹತ್ತಿದ. ತಣ್ಣೀರು ಒಳಹೋಗುವ ಕಡೆ ಪೈಪಿನ ನಟ್ಟಿನ ಸುತ್ತ ಹಸಿರು ಕಿಲುಬು ಹಿಡಿದು, ಅದರೊಳಗಿಂದ ನೀರು ಒಸರುತ್ತಿತ್ತು. ಅದರ ಪಕ್ಕದಲ್ಲೇ ಸೇಫ್ಟಿ ವಾಲ್ವ್. ಅದರ ಬಾಯಿಗೆ ಡಮ್ಮಿ ಬಿಗಿದಿತ್ತು.

ಬಾಯಿತನಕ ಬಂದ ಬೈಗುಳ ಅಲ್ಲೇ ನಿಂತಿತು. ಡಮ್ಮಿಯ ಕತ್ತಿಗೆ ದಪ್ಪಗೆ ಟೇಪು ಸುತ್ತಿತ್ತು. ಟೇಪಿನ ಮೇಲೆ ಮಾಸಿದ ದಾರ. ದಾರದ ತುದಿಯಲ್ಲಿ ಜೋಡಿ ಗಂಟು.

ಅವನು ಹೆಬ್ಬೆರಳಿನಿಂದ ಆ ಗಂಟನ್ನು ಮುಟ್ಟಿದ. ಈ ಮನೆಗೆ ಬಂದ ನೆನಪೇ ಅವನಿಗಿರಲಿಲ್ಲ. ಬಾಗಿಲು, ನೀಲಿ ಬಣ್ಣದ ಟೈಲ್ಸು, ಗೂಡಿನಂಥ ಕಿಟಕಿ, ಯಾವುದೂ ತಲೆಯೊಳಗೆ ಎದ್ದು ಬರಲಿಲ್ಲ.

“ಇಲ್ಲಿಗೆ ಮುಂಚೆ ಯಾರು ಬರ್ತಿದ್ರಮ್ಮ ಕೆಲಸಕ್ಕೆ?”

ಅವಳು ಉತ್ತರ ಹುಡುಕುತ್ತಿರುವಾಗ ಮಾವನೇ ಗೋಡೆ ಹಿಡಿದು ಎದ್ದು ಬಂದರು. “ನೀವೇ ಅಲ್ವೇನ್ರೀ ಬಂದಿದ್ದು? ಆಗ ತಲೆಕೂದಲು ಕಪ್ಪಗಿತ್ತು. ನನ್ನ ಹೆಂಡತಿ ಕಾಯಿಲೆ ಬಿದ್ದು ಆ ಕೋಣೆಯಲ್ಲಿ ಮಲಗಿದ್ಲು. ಆ ತೊಟ್ಟು ಬೀಳೋ ಸದ್ದಿಗೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ನೀವು ಅದೇನೋ ಬಿಗಿದು ನಿಲ್ಲಿಸಿದ್ರಿ. ಕೊನೆಗಾಲದಲ್ಲಿ ಎರಡು ತಿಂಗಳು ನೆಮ್ಮದಿಯಾಗಿ ಮಲಗಿದ್ಲು. ನಿಮ್ಮ ಉಪಕಾರ ನಾನು ಮರೆತಿಲ್ಲ” ಎಂದು ಆ ಹಿರಿಯ ಯಜಮಾನರು ಕೈಮುಗಿದರು.

ಟೇಪಣ್ಣ ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತ. ಸುಮ್ಮನೆ ಡಮ್ಮಿ ಬಿಚ್ಚಿ, ಹೊಸ ವಾಲ್ವ್ ಹಾಕಿ, ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಯಜಮಾನರು ಇನ್ನೂ ಕೈಮುಗಿದುಕೊಂಡೇ ನಿಂತಿದ್ದರು.

“ಕೈ ಇಳಿಸಿ ಯಜಮಾನ್ರೇ” ಅಂದ. “ಅದು ಉಪಕಾರ ಅಲ್ಲ. ಆ ತೊಟ್ಟು ಬೀಳಲೇಬೇಕಾಗಿತ್ತು. ನಾನು ಅದರ ಬಾಯಿ ಕಟ್ಟಿಬಿಟ್ಟೆ. ಕಾದ ನೀರಿಗೆ ಹೊರಗೆ ಹೋಗೋಕೆ ದಾರಿ ಇಲ್ಲದೆ, ಈ ನಟ್ಟನ್ನ ನೂಕಿ ನೂಕಿ ಇಲ್ಲಿ ಸಂದಿ ಮಾಡಿಕೊಂಡಿದೆ. ಈ ಸೋರಿಕೆಯೇ ನಿಮ್ಮನ್ನ ಇಷ್ಟು ದಿನ ಕಾಪಾಡಿದ್ದು.”

“ಸೋರದೆ ಇದ್ದಿದ್ರೆ?” ದರ್ಜಿಯಮ್ಮ ಕೇಳಿದಳು.

ಅವನು ರೈಲ್ವೆ ಗೇಟಿನ ಆಚೆಯ ಮನೆಯ ಕಥೆ ಹೇಳಿದ. ಅವಳು ಬಚ್ಚಲಿನ ಬಾಗಿಲಿಗೆ ಒರಗಿ, ಕತ್ತಿಗೆ ಹಾಕಿಕೊಂಡಿದ್ದ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

“ಎಂಟು ವರ್ಷ ನನ್ನ ಮಗಳು ಇದರ ಕೆಳಗೆ ನಿಂತು ಸ್ನಾನ ಮಾಡಿದಾಳೆ” ಅಂದಳು. ಬೈದಿದ್ದರೆ ವಾಸಿಯಿತ್ತು ಅನಿಸಿತು ಟೇಪಣ್ಣನಿಗೆ.

ಹೊಸ ವಾಲ್ವ್ ಹಾಕಿ, ಸೋರುತ್ತಿದ್ದ ನಟ್ಟು ಬದಲಿಸಿ, ವಾಲ್ವಿನ ಬಾಯಿಂದ ಒಂದು ಸಣ್ಣ ಕೊಳವೆಯನ್ನು ಬಚ್ಚಲಿನ ಮೋರಿಯವರೆಗೆ ಇಳಿಬಿಟ್ಟ. ನೀರು ಕಾಯತೊಡಗಿದಾಗ ಕೊಳವೆಯಿಂದ ಮೊದಲ ತೊಟ್ಟು ಬಿತ್ತು. ಯಜಮಾನರು ಕೋಣೆಯ ಖಾಲಿ ಮಂಚದ ಕಡೆ ತಿರುಗಿ ನೋಡಿದರು.

ಮನೆಗೆ ಬಂದ ಟೇಪಣ್ಣ ಕಾಲು ತೊಳೆಯದೆ ಜಗಲಿಯ ಮೇಲೆ ಕೂತುಬಿಟ್ಟ. ರೈಲ್ವೆ ಗೇಟಿನ ಆಚೆ ಸಿಕ್ಕಿದ್ದ ವಾಲ್ವ್ ಕಣ್ಣಮುಂದೆ ಬರುತ್ತಿತ್ತು. ಅದು ಜಜ್ಜಿಹೋಗಿ ಇಟ್ಟಿಗೆಯ ಪುಡಿ ಮೆತ್ತಿಕೊಂಡಿತ್ತು. ಅದರ ಮೇಲೆ ದಾರ ಇತ್ತೇ? ಗಂಟು ಇತ್ತೇ? ಒಮ್ಮೆ ನೆನೆದರೆ ಇತ್ತು ಅನಿಸುತ್ತಿತ್ತು, ಇನ್ನೊಮ್ಮೆ ನೆನೆದರೆ ಇರಲಿಲ್ಲ. ದರ್ಜಿಯಮ್ಮನ ಮನೆಯನ್ನೇ ಮರೆತವನು, ಆ ಮನೆಗೂ ಹಿಂದೊಮ್ಮೆ ಕೆಲಸಕ್ಕೆ ಹೋಗಿ ಮರೆತಿಲ್ಲ ಎಂದು ಹೇಗೆ ಹೇಳುವುದು?

ಹೆಂಡತಿ ನೀರಿನ ಚೊಂಬು ಹಿಡಿದು ಬಂದವಳು ಅವನ ಮುಖ ನೋಡಿ ಪಕ್ಕದಲ್ಲೇ ಕೂತಳು. ಎಲ್ಲ ಕೇಳಿಸಿಕೊಂಡು ಅಂದಳು, “ಹಾಗೆ ಬಾಯಿ ಕಟ್ಟಿದ್ದು ಎಷ್ಟು ಕಡೆ?”

“ಗೊತ್ತಿಲ್ಲ ಕಣೆ. ಆಗ ಎಲ್ಲರೂ ಹಾಗೇ ಮಾಡ್ತಿದ್ರು. ತೊಟ್ಟಿಕ್ಕುತ್ತೆ ಅಂದ್ರೆ ನಿಲ್ಲಿಸೋದು, ಅಷ್ಟೇ.”

“ನಿಮಗೆ ಗೊತ್ತಿರಲ್ಲ. ದಿನಾ ಊಟಕ್ಕೆ ಕೂತಾಗ ಯಾರ ಮನೆ, ಏನು ಕೆಲಸ ಅಂತ ನನ್ನ ತಲೆ ತಿಂದಿದ್ದೀರಲ್ಲ, ನನಗೆ ಗೊತ್ತು” ಅಂದಳು. ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರ್ ಕಿತ್ತು, ಅದರ ಹಿಂಬದಿಯಲ್ಲಿ ಬರೆಯತೊಡಗಿದಳು. ಬೋಳು ತಲೆಯ ಡಾಕ್ಟರ್. ಮೂರು ನಾಯಿ ಇದ್ದ ಮನೆ. ಅಕ್ಕತಂಗಿಯರು ಮಾತು ಬಿಟ್ಟಿದ್ದ ಮನೆ. ಸಂಗೀತದ ಮೇಷ್ಟ್ರು, ಕೆಲಸ ಮುಗಿಯುವ ತನಕ ಹಾಡು ನಿಲ್ಲಿಸಿರಲಿಲ್ಲ. ಹದಿನೇಳು ಮನೆ ಆಯಿತು. ರೈಲ್ವೆ ಗೇಟಿನ ಆಚೆಯದು ಅದರಲ್ಲಿರಲಿಲ್ಲ.

“ಅದು ನಿನಗೂ ಮರೆತಿರಬಹುದು” ಅಂದ ಟೇಪಣ್ಣ.

ಅವಳು ಪೆನ್ನು ಕೆಳಗಿಟ್ಟಳು. “ಇರಬಹುದು” ಅಂದಳು.

ಮಾರನೆಯ ದಿನದಿಂದ ಇಬ್ಬರೂ ಮನೆ ಮನೆ ಸುತ್ತಿದರು. ನಾಲ್ಕು ಹಳೆಯ ಮನೆಗಳನ್ನು ಕೆಡವಿದ್ದರು. ಐದು ಕಡೆ ಗೀಸರನ್ನೇ ಬದಲಿಸಿದ್ದರು. ಡಾಕ್ಟರು, “ನಮ್ಮಲ್ಲಿ ಏನೂ ಸೋರ್ತಾ ಇಲ್ವಲ್ಲ” ಎಂದು ಬಾಗಿಲಲ್ಲೇ ನಿಲ್ಲಿಸಿದರು. “ಅದಕ್ಕೇ ಬಂದಿದ್ದು ಸಾರ್” ಅಂದಳು ಹೆಂಡತಿ. ಡಾಕ್ಟರ ಮನೆಯದೂ ಸೇರಿ ಎಂಟು ಡಮ್ಮಿಗಳನ್ನು ಟೇಪಣ್ಣ ತನ್ನ ಕೈಯಿಂದಲೇ ಬಿಚ್ಚಿದ. ಒಂದೊಂದು ಗಂಟೂ ಉಗುರಿಗೆ ಬರದೆ ಸತಾಯಿಸಿತು, ಬ್ಲೇಡಿನಿಂದ ಕೊಯ್ಯಬೇಕಾಯಿತು. ಕ್ಯಾಲೆಂಡರಿನ ಹೆಸರುಗಳೆಲ್ಲ ಮುಗಿದ ಮೇಲೂ ಅವನಿಗೆ ಊಟ ಸೇರಲಿಲ್ಲ.

ಕೊನೆಗೆ ಒಬ್ಬನೇ ರೈಲ್ವೆ ಗೇಟಿನ ಆಚೆ ಹೋದ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಅದೇ ಬೀದಿಯ ಕೊನೆಯಲ್ಲಿ ಬಾಡಿಗೆಗೆ ಇದ್ದ. ಶಾಲಾ ಬಸ್ಸಿನ ಡ್ರೈವರ್. ಮಧ್ಯಾಹ್ನದ ಬಿಡುವಿನಲ್ಲಿ ಮನೆಯಲ್ಲಿದ್ದ.

“ಆ ವಾಲ್ವಿನ ಬಾಯಿ ಕಟ್ಟಿದ್ದು ನಾನೇ ಇರಬಹುದು” ಅಂದ ಟೇಪಣ್ಣ, ನಿಂತಲ್ಲೇ. “ಇಲ್ಲದೆಯೂ ಇರಬಹುದು. ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ. ನಿಮಗೇನಾದ್ರೂ ಗೊತ್ತಿದ್ರೆ ಹೇಳಿ.”

“ನಾವು ಆ ಮನೆಗೆ ಬಂದಾಗಲೇ ಅದು ಹಾಗಿತ್ತು” ಅಂದ ಡ್ರೈವರ್. “ಒಂದು ಹನಿ ಸೋರಲ್ಲ, ಒಳ್ಳೆ ಗೀಸರ್ ಅಂತ ಅವಳು ಹೇಳ್ತಿದ್ಲು. ಮುಂಚೆ ಇದ್ದವರು ಯಾರು, ಏನು, ನಾನು ವಿಚಾರಿಸಲಿಲ್ಲ. ಇನ್ನು ವಿಚಾರಿಸೋದೂ ಇಲ್ಲ.”

ಟೇಪಣ್ಣ ತಲೆ ತಗ್ಗಿಸಿ ಹೊರಡಲು ತಿರುಗಿದ.

“ಸ್ವಲ್ಪ ನಿಲ್ಲಿ” ಅಂದ ಡ್ರೈವರ್. “ಈ ಮನೆಯಲ್ಲೂ ಒಂದು ಗೀಸರ್ ಇದೆ. ನಾನು ಸ್ವಿಚ್ಚು ಹಾಕಿಲ್ಲ. ಎರಡು ವರ್ಷದಿಂದ ತಣ್ಣೀರೇ.”

ಟೇಪಣ್ಣ ಹೋಗಿ ನೋಡಿದ. ವಾಲ್ವಿನ ಬಾಯಿ ತೆರೆದಿತ್ತು. ಕಡ್ಡಿ ಹಾಕಿ ನೋಡಿದ, ಊದಿ ನೋಡಿದ, ಅದರ ಪುಟ್ಟ ಹಿಡಿಯನ್ನು ಎತ್ತಿ ಬಿಟ್ಟು ನೋಡಿದ. “ಸರಿ ಇದೆ” ಅಂದ.

“ಹಾಗಾದ್ರೆ ನಾನು ಸ್ವಿಚ್ಚು ಹಾಕ್ತೀನಿ. ನೀವು ಇಲ್ಲೇ ಇರಿ.”

ಇಬ್ಬರೂ ಬಚ್ಚಲ ಬಾಗಿಲಲ್ಲಿ ನಿಂತರು. ಕೆಂಪು ದೀಪ ಹತ್ತಿತು. ಒಳಗೆ ಸಣ್ಣಗೆ ಗುಂಯ್ ಎನ್ನುವ ಸದ್ದು ಶುರುವಾಯಿತು. ಡ್ರೈವರ್ ಟೇಪಣ್ಣನ ರಟ್ಟೆ ಹಿಡಿದುಕೊಂಡ. ಹಿಡಿತ ಬಿಗಿಯಾಗಿತ್ತು, ನೋಯುತ್ತಿತ್ತು. ಟೇಪಣ್ಣ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ತೊಟ್ಟು ಬಿತ್ತು. ಡ್ರೈವರ್ ಬೆಚ್ಚಿಬಿದ್ದು ಹಿಂದೆ ಸರಿದ, ಆದರೆ ಓಡಲಿಲ್ಲ. ಇನ್ನೊಂದು ಬಿತ್ತು. ಆಮೇಲೆ ಕೆಂಪು ದೀಪ ತಾನಾಗಿಯೇ ಆರಿತು.

“ನಾಳೆನೂ ಒಂದು ಸಲ ಬರ್ತೀರಾ?” ಎಂದು ಡ್ರೈವರ್ ಕೇಳಿದ.

“ಬರ್ತೀನಿ” ಅಂದ ಟೇಪಣ್ಣ.