ಶ್ರೇಷ್ಠ ಗುರುವಿನ ಕೋಟು

ದರ್ಜಿಗಳ ಸಂಘದವರು ಈ ವರ್ಷ ಹೊಸದಾಗಿ ‘ಶ್ರೇಷ್ಠ ಗುರು’ ಎಂಬ ಪ್ರಶಸ್ತಿ ಇಟ್ಟರು. ಕೋಟು ಹೊಲಿಯುವುದರಲ್ಲೇ ಹೆಸರಾಗಿದ್ದ ಕೋಟಿನ ಮಾಸ್ತರರಿಗೆ ಅದು ಬೇಕೇ ಬೇಕಾಗಿತ್ತು. ಬಾಯಲ್ಲಿ “ಈ ವಯಸ್ಸಲ್ಲಿ ನನಗ್ಯಾಕಪ್ಪಾ ಅದೆಲ್ಲಾ” ಎನ್ನುತ್ತಲೇ ಪ್ರಶಸ್ತಿ ಫಲಕಕ್ಕೆಂದು ಗೋಡೆಗೆ ಮೊಳೆ ಹೊಡೆದಾಗಿತ್ತು. ತೊಡಕೊಂದೇ: ನಿಯಮದ ಪ್ರಕಾರ ಶಿಷ್ಯರೊಬ್ಬರು ವೇದಿಕೆಗೆ ಬಂದು ಗುರುವಿನ ಬಗ್ಗೆ ನಾಲ್ಕು ಮಾತಾಡಬೇಕು.

ಶಿಷ್ಯರಿಗೇನೂ ಬರವಿರಲಿಲ್ಲ. ಆದರೆ ಮಾಸ್ತರರ ಬಾಯಿಂದ “ಚೆನ್ನಾಗಿದೆ” ಎಂಬ ಮಾತು ಕೇಳಿದವರು ಒಬ್ಬರೂ ಇರಲಿಲ್ಲ. ಹೊಲಿಗೆ ಸೊಟ್ಟಗಿದ್ದರೆ ಮಂಗಳಾರತಿ. ನೆಟ್ಟಗಿದ್ದರೆ, ಇಷ್ಟಕ್ಕೆ ಇಷ್ಟು ಹೊತ್ತೇ ಎಂದು ಮತ್ತೆ ಮಂಗಳಾರತಿ. ಹೊಗಳಿದರೆ ಕೈ ಕೆಡುತ್ತದೆ ಎನ್ನುವುದು ಅವರ ಸಿದ್ಧಾಂತ. ಪ್ರಶಸ್ತಿ ಬಂದರೆ ತಮ್ಮ ಕೈ ಏನಾದೀತು ಎಂದು ಮಾತ್ರ ಅವರು ಯೋಚಿಸಿದಂತಿಲ್ಲ.

ಮೊದಲ ಶಿಷ್ಯ ಹೊಲಿಗೆ ಬಿಟ್ಟು ಬಸ್ಸು ಓಡಿಸುತ್ತಿದ್ದ. ನಿಲ್ದಾಣದಲ್ಲಿ ಕೈ ಅಡ್ಡಹಿಡಿದು ನಿಂತ ಗುರುವನ್ನು ಕಂಡವನೇ ಬಸ್ಸು ನಿಲ್ಲಿಸದೆ ಹೋದ. ಎರಡನೆಯವನಿಗೆ ಫೋನ್ ಮಾಡಿದರೆ ಅವನ ಹೆಂಡತಿ ಎತ್ತಿಕೊಂಡು, “ಅವರು ಮನೇಲಿ ಇಲ್ವಂತೆ” ಎಂದಳು.

ಊರಲ್ಲಿ ಇನ್ನುಳಿದವಳು ಎಡಗೈ. ಎಡಗೈಯಲ್ಲಿ ಕತ್ತರಿ ಹಿಡಿಯುತ್ತಾಳೆಂದು ಮಾಸ್ತರರೇ ಇಟ್ಟ ಹೆಸರು. ಈಗ ಪಕ್ಕದ ಬೀದಿಯಲ್ಲಿ ಅವಳದೇ ಅಂಗಡಿ. ಮಾಸ್ತರರ ಹಳೇ ಗಿರಾಕಿಗಳೆಲ್ಲ ಅಲ್ಲೇ.

“ಕೇಳೋಕೆ ಹೋಗ್ತಾ ಇದೀರಿ. ಅಲ್ಲಾದ್ರೂ ಬಾಯಿ ಬಿಗಿಹಿಡ್ಕೊಳ್ಳಿ,” ಎಂದಳು ಮಾಸ್ತರರ ಹೆಂಡತಿ.

“ನಾನೇನು ಚಿಕ್ಕ ಮಗುನಾ?”

ಅಂಗಡಿಯೊಳಗೆ ಕಾಲಿಟ್ಟದ್ದೇ ತಡ, ಅವರ ಕೈ ತಾನಾಗಿಯೇ ತೂಗುಹಾಕಿದ್ದ ಕೋಟಿನ ಕಾಲರ್ ತಿರುವಿ ನೋಡಿತು. “ಇದೇನೇ ಇದು, ಕಾಲರ್ರೋ ಕತ್ತೆ ಕಿವಿಯೋ?” ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು.

“ಅದಿನ್ನೂ ಕಚ್ಚಾ ಹೊಲಿಗೆ ಮಾಸ್ತರೇ. ಇರ್ಲಿ ಬಿಡಿ, ಏನು ಬಂದಿದ್ದು?”

ಹೇಳಿದರು. ಎಡಗೈ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. “ಬರ್ತೀನಿ. ಆದ್ರೆ ಸುಳ್ಳು ಹೇಳೋಕೆ ನನಗೆ ಬರಲ್ಲ. ನೀವದನ್ನ ಕಲಿಸ್ಲಿಲ್ಲ.” ಬರುತ್ತೇನೆ ಎಂದದ್ದು ಮಾತ್ರ ಮಾಸ್ತರರ ಕಿವಿಗೆ ಬಿತ್ತು.

ಸಮಾರಂಭಕ್ಕೆಂದು ಹೊಸ ಕೋಟನ್ನು ತಾವೇ ಹೊಲಿದುಕೊಂಡರು. ಮೊದಲು ಕನ್ನಡಕ ಬದಲಾಯಿಸಿ ಎಂದ ಹೆಂಡತಿಗೆ, ನನ್ನ ಬೆರಳಲ್ಲೇ ಕಣ್ಣಿದೆ ಎಂದು ಹೇಳಿ ಬಾಯಿ ಮುಚ್ಚಿಸಿದರು.

ಸಮಾರಂಭದಲ್ಲಿ ಅವರ ಎದುರಾಳಿ, ಹೊಲಿಗೆ ಶಾಲೆಯ ಪ್ರಿನ್ಸಿಪಾಲ್. ಅವರ ಶಿಷ್ಯ ಮೈಕ್ ಹಿಡಿದು, ನನ್ನ ಗುರುಗಳು ತಾಯಿ, ತಂದೆ, ದಾರಿದೀಪ ಎಂದು ಹೊಗಳಿ ಹೊನ್ನಶೂಲಕ್ಕೇರಿಸಿದ. ಅವನು ಹಾಕಿಕೊಂಡಿದ್ದ ಪ್ಯಾಂಟು ಮೊಣಕಾಲ ಬಳಿ ತಿರುಚಿಕೊಂಡಿತ್ತು. ಅದು ಯಾರಿಗೂ ಕಾಣಲಿಲ್ಲ, ಮಾಸ್ತರರಿಗೆ ಮತ್ತು ಎಡಗೈಗೆ ಬಿಟ್ಟು.

ಆಮೇಲೆ ಎಡಗೈ ಎದ್ದಳು. “ಇವರು ನನಗೆ ಒಂದು ದಿನಾನೂ ಒಳ್ಳೆ ಮಾತು ಆಡಿಲ್ಲ. ಇವರ ಅಂಗಡಿ ಬಿಟ್ಟು ಎಷ್ಟೋ ವರ್ಷ ಆಯ್ತು, ಬೈಗುಳ ಮಾತ್ರ ನನ್ನ ಬಿಟ್ಟಿಲ್ಲ. ಗಿರಾಕಿ ಕೋಟು ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರೆ, ಅವರು ಬಾಯಿ ತೆಗೆಯೋಕೆ ಮುಂಚೆ ನನ್ನ ಕಿವೀಲಿ ಇವರು ಬೈತಾರೆ. ಅದಕ್ಕೇ ನನ್ನ ಅಂಗಡಿಗೆ ಬಟ್ಟೆ ವಾಪಸ್ ಬರಲ್ಲ.”

ಸಭೆ ಚಪ್ಪಾಳೆ ತಟ್ಟಿತು. ಮಾಸ್ತರರ ಎದೆ ಉಬ್ಬಿತು. ಅವಳು ಅಲ್ಲಿಗೇ ನಿಲ್ಲಿಸಿದ್ದರೆ ಫಲಕ ಅವರ ಮನೆ ಸೇರುತ್ತಿತ್ತು.

“ಈಗಲೂ ಕಿವೀಲಿ ಬೈತಾನೇ ಇದ್ದಾರೆ,” ಎಂದು ಅವಳು ಗುರುವಿನತ್ತ ತಿರುಗಿದಳು. “ಮಾಸ್ತರೇ, ನಿಮ್ಮ ಕೋಟಿನ ಎಡತೋಳು ಹಿಂದಕ್ಕೆ ಎಳೀತಿದೆ. ನಾಳೆ ತಂದ್ಕೊಡಿ, ಸರಿ ಮಾಡ್ತೀನಿ.”

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತೀರ್ಪುಗಾರರೂ ನಕ್ಕರು; ನಗುತ್ತಲೇ ಪ್ರಶಸ್ತಿಯನ್ನು ಪ್ರಿನ್ಸಿಪಾಲರಿಗೆ ಕೊಟ್ಟರು.

ಮಾಸ್ತರರಿಗೆ ಅವಮಾನವಾಯಿತು, ಅಳುವೂ ಬಂದಿತ್ತು. ಗುರುವಿಗೇ ತಿರುಮಂತ್ರವೇ ಎಂದು ಹಲ್ಲು ಕಡಿಯುತ್ತ ಮನೆಗೆ ಬಂದು ಕನ್ನಡಿ ಮುಂದೆ ನಿಂತರು. ತೋಳು ಎಳೆಯುತ್ತಿತ್ತು. ಬೇರೆ ಯಾರಾದರೂ ಹೊಲಿದಿದ್ದರೆ ಹಿಡಿದು ಬೈಯಬಹುದಿತ್ತು. ಈಗ ಆ ಸುಖವೂ ಇಲ್ಲ.

ಬೆಳಿಗ್ಗೆ ಕೋಟನ್ನು ಒಯ್ದು ಎಡಗೈಯ ಮೇಜಿನ ಮೇಲಿಟ್ಟರು. ಅವಳು ತೋಳನ್ನು ಪೂರ್ತಿ ಕಳಚಿ, ಭುಜದ ಬಳಿ ತಿರುಗಿಸಿ ಕೂರಿಸಿ, ಇಸ್ತ್ರಿ ಹಾಕಿ ತೊಡಿಸಿದಳು. ಅವರು ಕೈ ಎತ್ತಿದರು, ಇಳಿಸಿದರು. ಕೋಟು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಲೈನಿಂಗನ್ನೂ ಬಿಡದೆ ಹುಡುಕಿದರು. ಬೈಯಲು ಏನೂ ಸಿಗಲಿಲ್ಲ. ಬೈಯಲು ಏನೂ ಸಿಗದಾಗ ಏನು ಹೇಳಬೇಕೆಂಬುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ.

ಎಡಗೈ ಅವರ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು. ಸ್ವಂತ ಅಂಗಡಿಯ ಒಡತಿ, ತಲೆಯಲ್ಲಿ ನರೆ ಇಣುಕುತ್ತಿದೆ, ಆದರೂ ಕಾಯುತ್ತಿದ್ದಳು.

ಕೊನೆಗೆ ಮಾಸ್ತರರ ಮುಖ ಅರಳಿತು. “ನೋಡಿಲ್ಲಿ! ಈ ಗುಂಡಿ ಹಾಕಿರೋದು ಸೊಟ್ಟಗಿದೆ!”

“ಅದು ನಾನು ಮುಟ್ಟಿಲ್ಲ ಮಾಸ್ತರೇ. ಅದು ನಿಮ್ಮದೇ ಕೆಲಸ.”

ಮಾಸ್ತರರು ಗುಂಡಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಕೋಟನ್ನು ಅವಳ ಕಡೆ ನೂಕಿದರು.

“ಹಾಗಾದ್ರೆ ಕಿತ್ತು ಬಿಸಾಕು. ಎಲ್ಲಾ ಗುಂಡೀನೂ ನೀನೇ ಹಾಕು.”