ಬಿಟ್ಟುಹೋದ ಹನ್ನೊಂದು ಅಂಕಿ

"ಗೆರೆ ನೆಟ್ಟಗಿದೆಯಲ್ಲ ಮಾಮ, ನೀವೇ ನೋಡಿ," ಎಂದು ಅವಳು ನದಿನೀರಿನ ಆಮ್ಲಜನಕದ ನಕ್ಷೆಯಿದ್ದ ಪರದೆಯನ್ನು ಅವರ ಕಡೆ ತಿರುಗಿಸಿದಳು.

ಬಾಟ್ಲಿ ಮಾಮ ಪರದೆಯತ್ತ ನೋಡಲಿಲ್ಲ. ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ನದಿಗಿಳಿದು ಪರೀಕ್ಷೆಗೆ ನೀರು ಹಿಡಿದು ತಂದವರು. ಪ್ರಯೋಗಾಲಯದವರೆಲ್ಲ ಅವರನ್ನು ಕರೆಯುವುದು ಆ ಹೆಸರಿನಿಂದಲೇ.

"ಗೆರೆ ನೆಟ್ಟಗಿರಬಹುದಮ್ಮ. ಎರಡನೇ ಸೇತುವೆ ಕೆಳಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿವೆ. ನಿನ್ನೆ ಮಧ್ಯಾಹ್ನದಿಂದ ಅಂತೆ."

"ಇವತ್ತಿನ ಬಾಟಲಿ?"

"ಅದರಲ್ಲೂ ನೀರು ಚೆನ್ನಾಗೇ ಇದೆ. ಸುಳ್ಳು ಯಾಕೆ ಹೇಳ್ಲಿ? ನಾನು ಹೋಗೋದು ಬೆಳಿಗ್ಗೆ. ಅಷ್ಟರಲ್ಲಿ ಎಲ್ಲ ಹರಿದು ಹೋಗಿರುತ್ತೆ."

ಬಾಗಿಲಲ್ಲಿ ನಿರ್ದೇಶಕರು ಚಹಾದ ಲೋಟ ಹಿಡಿದು ನಿಂತಿದ್ದರು. "ಕುರ್ಚಿ ಹೋಗುತ್ತೆ ಅಂತ ಮಾಮ ಮೀನಿನ ಕಥೆ ಕಟ್ತಿದ್ದಾರೆ."

"ನಂಗೆ ಕುರ್ಚಿ ಎಲ್ಲಿತ್ತು ಸಾರ್? ನಿಂತಿದ್ದೇ ಮೊಣಕಾಲುದ್ದ ನೀರಲ್ಲಿ."

ಹನ್ನೊಂದು ಗಂಟೆಗೆ ಸಭೆ. ಅವಳು ಎರಡು ವರ್ಷ ಕೂತು ರೂಪಿಸಿದ ಯೋಜನೆಗೆ ಅಲ್ಲಿ ರುಜು ಬೀಳಬೇಕು: ನದಿಯುದ್ದಕ್ಕೂ ನಲವತ್ತು ಸೆನ್ಸರ್, ಕಾಲು ಗಂಟೆಗೊಮ್ಮೆ ಒಂದು ಅಂಕಿ. ದಡದ ಕಾರ್ಖಾನೆಗಳ ಪರವಾನಗಿ ಇನ್ನು ಆ ಅಂಕಿಗಳ ಮೇಲೆಯೇ ನಿಲ್ಲುತ್ತದೆ. ಬಾಟಲಿಯ ಕೆಲಸ ಮುಗಿಯುತ್ತದೆ, ಮಾಮ ಉಗ್ರಾಣದ ಕೆಲಸಕ್ಕೆ.

ಪ್ರಯೋಗಕ್ಕೆಂದು ಈಗಾಗಲೇ ನದಿಗಿಳಿಸಿದ್ದ ಸೆನ್ಸರ್‌ಗಳ, ದೋಷ ಸೋಸುವ ಮುಂಚಿನ ಅಂಕಿಗಳ ಕಡತವನ್ನು ಅವಳು ತೆರೆದಳು. ಪ್ರಯೋಗದ ಮೊದಲ ದಿನಗಳಲ್ಲಿ ಸೆನ್ಸರಿಗೆ ಪಾಚಿ ಸುತ್ತಿಕೊಂಡು, ಅದು ನೀರಿನ ಆಮ್ಲಜನಕ ಸೊನ್ನೆ ಎಂದು ಇದ್ದಕ್ಕಿದ್ದಂತೆ ತೋರಿಸುತ್ತಿತ್ತು. ಅದಕ್ಕೆ ಅವಳೇ ಒಂದು ನಿಯಮ ಬರೆದಿದ್ದಳು: ಹಿಂದಿನ ಸರಿಯಾದ ಅಂಕಿಯ ಅರ್ಧಕ್ಕಿಂತ ಕೆಳಗೆ ಬಿದ್ದದ್ದೆಲ್ಲ ಯಂತ್ರದ ದೋಷ, ಅದನ್ನು ಬಿಟ್ಟು ಆಚೀಚೆಯ ಅಂಕಿಗಳನ್ನು ಗೆರೆಯಿಂದ ಜೋಡಿಸು. ಎಲ್ಲರೂ ಭೇಷ್ ಎಂದಿದ್ದರು.

ಎರಡನೇ ಸೇತುವೆಯ ಸೆನ್ಸರಿನಲ್ಲಿ ನಿನ್ನೆ ಮಧ್ಯಾಹ್ನ ಎರಡು ಗಂಟೆಯವರೆಗೆ ಆಮ್ಲಜನಕ ಆರರ ಮೇಲಿತ್ತು. ಆಮೇಲೆ ಒಂದರ ಆಸುಪಾಸು. ಹಾಗೆ ಹನ್ನೊಂದು ಅಂಕಿ, ಎಲ್ಲವೂ ತಿರಸ್ಕೃತ. ನದಿಯ ಕೆಳಹರಿವಿನ ಮುಂದಿನ ಸೆನ್ಸರಿನಲ್ಲೂ ಅದೇ ಕುಸಿತ, ಸರಿಯಾಗಿ ಅರ್ಧ ಗಂಟೆ ತಡವಾಗಿ. ಪಾಚಿ ಹಾಗೆ ಸರದಿಯಲ್ಲಿ ಬಂದು ಸುತ್ತಿಕೊಳ್ಳುವುದಿಲ್ಲ. ಹರಿದು ಬಂದದ್ದು ಕೆಟ್ಟ ನೀರೇ. ಅವಳು ಆ ಅಂಕಿಗಳನ್ನು ಮಾಮನಿಗೆ ಬೆರಳಿಟ್ಟು ತೋರಿಸಿದಳು.

"ಹಾಗಾದ್ರೆ ನಿನ್ನ ಯಂತ್ರಕ್ಕೆ ಗೊತ್ತಿತ್ತಾ?" ಮಾಮ ಕೇಳಿದರು.

"ಗೊತ್ತಿತ್ತು ಮಾಮ. ಬಾಯಿ ಮುಚ್ಚಿಸಿದವಳು ನಾನು."

ನಿರ್ದೇಶಕರು ಲೋಟ ಕೆಳಗಿಟ್ಟರು. ದನಿ ತಗ್ಗಿತು. "ನೋಡಮ್ಮ, ಮೊದಲು ರುಜು ಆಗ್ಲಿ. ನಿಯಮದ ಆ ಒಂದು ಸಾಲು ಆಮೇಲೆ ತಿದ್ದೋಣ. ಈಗ ಬಾಯಿ ಬಿಟ್ರೆ ಮತ್ತೆ ಆರು ತಿಂಗಳು ಪರೀಕ್ಷೆ. ಅಷ್ಟರಲ್ಲಿ ಈ ಮಂಜೂರಾತಿ ಯಾರ ಪಾಲೋ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋಬೇಡ."

"ಆಮೇಲೆ ಅನ್ನೋದು ಯಾವತ್ತು ಸಾರ್?"

ಅವರು ಗಡಿಯಾರ ನೋಡಿ ಸಭೆಯ ಕಡೆ ನಡೆದರು. ಉತ್ತರ ಅವಳಿಗೆ ಗೊತ್ತಿತ್ತು: ರುಜು ಬಿದ್ದ ಯೋಜನೆಯನ್ನು ಈ ಕಟ್ಟಡದಲ್ಲಿ ಯಾರೂ ಮತ್ತೆ ಬಿಚ್ಚಿದ್ದಿಲ್ಲ.

ಸಭೆಯಲ್ಲಿ ಉದ್ದನೆಯ ಮೇಜಿನ ಸುತ್ತ ಹನ್ನೆರಡು ಮಂದಿ. ಗೋಡೆಯ ಮೇಲೆ ನೆಟ್ಟಗಿನ ಗೆರೆ ಬೆಳಗುತ್ತಿತ್ತು. ರುಜು ಹಾಕಬೇಕಿದ್ದ ಇಲಾಖೆಯ ಕಾರ್ಯದರ್ಶಿಗಳು ಕಡತದ ಕೊನೆಯ ಪುಟ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, "ಅದ್ಭುತ. ಇನ್ನೇನಾದರೂ ಹೇಳೋದಿದೆಯಾ?" ಎಂದರು.

"ಇದೆ ಸಾರ್. ಈ ಗೆರೆ ತಪ್ಪು. ಇಲ್ಲಿ ಇರಬೇಕಾಗಿದ್ದ ಅಂಕಿಗಳನ್ನ ನನ್ನ ನಿಯಮ ಬಿಟ್ಟುಬಿಟ್ಟಿದೆ. ಅವನ್ನ ಓದ್ತೀನಿ."

ನಿರ್ದೇಶಕರು ಮೇಜಿನ ಮರವನ್ನೇ ನೋಡುತ್ತಿದ್ದರು.

"ನಿನ್ನೆ ಮಧ್ಯಾಹ್ನ ಎರಡೂಕಾಲು ಗಂಟೆ, ಒಂದು ಪಾಯಿಂಟ್ ಒಂದು. ಎರಡೂವರೆ, ಸೊನ್ನೆ ಪಾಯಿಂಟ್ ಒಂಬತ್ತು. ಎರಡೂಮುಕ್ಕಾಲು, ಸೊನ್ನೆ ಪಾಯಿಂಟ್ ಎಂಟು..."

ನಾಲ್ಕನೆಯ ಅಂಕಿಗೆ ಕಾರ್ಯದರ್ಶಿಗಳು ಪೆನ್ನಿಗೆ ಮೆಲ್ಲಗೆ ಮುಚ್ಚಳ ಹಾಕಿದರು. ಅವಳು ಅದನ್ನು ಕಂಡಳು, ಐದನೆಯದನ್ನು ಓದಿದಳು.