ಮಾಕನ ತಲೆಗೆ ಕಟ್ಟಿದ ಪಾಯಿಂಟು

"ಯಾರ ಹೆಸರಾದ್ರೂ ಬರಿಯೋ, ಬೋಳಿಮಗನೆ. ಹದಿನೇಳು ಜನ ಇದ್ದೀರಲ್ಲ, ಒಬ್ಬ ಸಿಗಲ್ವಾ?" ಅಂದ ದ್ರಾಕ್ಷಿತೋಟದ ಮಾಲೀಕ ಡೆರೆಕ್, ದ್ರಾಕ್ಷಿ ಕ್ರೇಟಿನ ಮೇಲೆ ಕಾಗದ ಎಸೆದು.

ಆಸ್ಟ್ರೇಲಿಯಾದ ಮಿಲ್ಡೂರಾ ರಸ್ತೆಯ ಕ್ಯಾಮೆರಾದಲ್ಲಿ ಅವನ ಕಾರು ಸಿಕ್ಕಿಬಿದ್ದಿತ್ತು. ಅತಿವೇಗಕ್ಕೆ ದಂಡ, ಜೊತೆಗೆ ಲೈಸೆನ್ಸಿನ ಮೇಲೆ ಮೂರು ತಪ್ಪಿನ ಪಾಯಿಂಟು. ಹನ್ನೆರಡು ತುಂಬಿದರೆ ಲೈಸೆನ್ಸ್ ಹೋಗುತ್ತದೆ. ಅವನದು ಆಗಲೇ ಹತ್ತಾಗಿತ್ತು. ದಂಡ ತಾನೇ ಕಟ್ಟುತ್ತಾನಂತೆ, ಕಾರು ಓಡಿಸಿದವನು ನಾನೇ ಅಂತ ನಮ್ಮಲ್ಲೊಬ್ಬ ಸಹಿ ಹಾಕಿ ಪಾಯಿಂಟು ಹೊರಬೇಕಂತೆ. ಟೋಂಗಾ ದ್ವೀಪದಿಂದ ಕೂಲಿಗೆ ಬಂದ ನಮ್ಮ ಗುಂಪಿಗೆ ನಾನೇ ಮೇಸ್ತ್ರಿ. ಲೈಸೆನ್ಸ್ ಇದ್ದದ್ದು ಇಬ್ಬರಿಗೆ, ನನಗೆ ಮತ್ತು ವ್ಯಾನ್ ಓಡಿಸುವ ಮಾಕನಿಗೆ.

ನನ್ನ ಹೆಸರು ಕೊಡಬಹುದಿತ್ತು. ಕೊಡಲಿಲ್ಲ.

ಭಾನುವಾರ ಚರ್ಚಿನಿಂದ ಬಂದು ಮರಗೆಣಸು ತಿನ್ನುವಾಗ ಮಾಕನನ್ನು ಕೇಳಿದೆ. ಅವನು ನನ್ನ ಚಿಕ್ಕಪ್ಪನ ಮಗ. ನಮ್ಮಲ್ಲಿ ಅಣ್ಣ ಕೇಳಿದ್ದಕ್ಕೆ ತಮ್ಮ ಇಲ್ಲ ಅನ್ನುವ ಹಾಗಿಲ್ಲ. ಅದು ಗೊತ್ತಿದ್ದೇ ಕೇಳಿದೆ, ನಾಚಿಕೆಗೆಟ್ಟವನು.

"ಎಷ್ಟು ದಿನ ಇರುತ್ತೆ ಅಣ್ಣ ಅದು?"

"ಒಂದು ವರ್ಷ. ಆಮೇಲೆ ತಾನೇ ಅಳಿಸಿಹೋಗುತ್ತೆ ಕಣೋ."

ನನಗೇನೂ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಅವನು ಓದದೆ ಸಹಿ ಹಾಕಿದ.

ಹದಿನೈದು ತಿಂಗಳಲ್ಲಿ ಅಂಥ ಕಾಗದ ನಾಲ್ಕಾದವು. ಮೊದಲಿನದು ಅಳಿಸಿಹೋಗಿದೆ ಎಂದು ನಂಬಿಸಿ ನಾಲ್ಕನೆಯದಕ್ಕೂ ಸಹಿ ಹಾಕಿಸಿದೆ. ಮಾಕನ ಲೈಸೆನ್ಸ್ ರದ್ದಾದ ಪತ್ರ ಬಂತು.

"ಲೈಸೆನ್ಸಿಲ್ಲದ ಡ್ರೈವರ್ ನನಗ್ಯಾಕೋ? ಶುಕ್ರವಾರದ ವಿಮಾನ ಹತ್ತಿಸು, ಊರಿಗೆ ಹೋಗ್ಲಿ," ಅಂದ ಡೆರೆಕ್.

"ಅವೆಲ್ಲ ನಿಮ್ಮ ಪಾಯಿಂಟಲ್ವಾ, ಬಾಸ್?"

"ಸಹಿ ಯಾರದ್ದು?"

ಗುರುವಾರ ಪಟ್ಟಣದ ಲೈಸೆನ್ಸ್ ಕಚೇರಿಗೆ ಹೋದೆವು. ಮೊದಲಿನದು ವರ್ಷಕ್ಕೇ ಅಳಿಸಿರಬೇಕಲ್ಲ ಎಂದು ಮಾಕ ಕೇಳಿದ್ದಕ್ಕೆ ಗಾಜಿನ ಆಚೆ ಕೂತ ಹೆಂಗಸು ಪತ್ರ ನೋಡಿದಳು. "ಒಂದೇ ವರ್ಷ ಅಂದೋರ್ಯಾರಪ್ಪ? ತಪ್ಪು ಮಾಡಿದ ದಿನದಿಂದ ಮೂರು ವರ್ಷ ಲೆಕ್ಕಕ್ಕೆ ಬರುತ್ತೆ. ಆಮೇಲೂ ದಾಖಲೆಯಲ್ಲಿ ಇದ್ದೇ ಇರುತ್ತೆ."

ಮಾಕ ನನ್ನ ಕಡೆ ತಿರುಗಲಿಲ್ಲ. ತಿರುಗಿ ಉಗಿದಿದ್ದರೆ ಎಷ್ಟೋ ಮೇಲಿತ್ತು.

"ಅಕ್ಕ, ಆ ಕಾರಲ್ಲಿ ನಾನು ಒಂದಿನಾನೂ ಕೂತೇ ಇಲ್ಲ," ಅಂದ.

ಆಕೆ ಪೆನ್ನು ಕೆಳಗಿಟ್ಟಳು. "ಸುಳ್ಳು ಸಹಿ ಹಾಕೋದೂ ಅಪರಾಧ. ನಿಮ್ಮ ಮೇಲೂ ಕೇಸಾಗುತ್ತೆ, ಹಾಕಿಸ್ದೋರ ಮೇಲೂ ಆಗುತ್ತೆ. ಯೋಚ್ನೆ ಮಾಡಿ."

ನಾನು ಅವನ ಮೊಣಕೈ ಹಿಡಿದೆ. "ನಡಿಯೋ, ರೂಮಿಗೆ ಹೋಗಿ ಮಾತಾಡೋಣ." ಇಷ್ಟೆಲ್ಲ ಆದ ಮೇಲೂ ನನ್ನ ಬಾಯಿಂದ ಬಂದದ್ದು ಅದೇ.

ಮಾಕ ಕೈ ಕೊಡವಿಕೊಂಡ. ಒಂದು ಖಾಲಿ ಹಾಳೆ ಈಸಿಕೊಂಡು ನಿಂತಲ್ಲೇ ಬರೆದ: ಆ ನಾಲ್ಕೂ ದಿನ ನಾನು ತೋಟದಲ್ಲಿ ಬಳ್ಳಿಗಳ ನಡುವೆ ಇದ್ದೆ. ಕಾರು ಓಡಿಸಿದವನು ಡೆರೆಕ್.

"ಸಹಿ ಹಾಕಿಸಿದೋರು?" ಆಕೆ ಕೇಳಿದಳು.

"ಲೊಪೆತಿ."

ಮಾತು ಕಲಿತಾಗಿನಿಂದ ಅವನು ನನ್ನನ್ನು ಹೆಸರು ಹಿಡಿದು ಕರೆದವನಲ್ಲ. ಅದನ್ನೂ ಬರೆದು, ಹಾಳೆಯನ್ನು ಗಾಜಿನ ಕೆಳಗಿನಿಂದ ಒಳಗೆ ತಳ್ಳಿದ.